ಪಾದ್ರಿ ಮುತ್ಯಾನ ಅಂಗಿ

ಹೋದ ತಿಂಗಳು ಬಸವನ ಬಾಗೇವಾಡಿಯ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ಕೂತಿದ್ದೆ. ಪಕ್ಕದಲ್ಲಿ ಯಾರೋ ಸುಣ್ಣದ ಹರಳನ್ನು ಬಕೆಟ್ಟಿನ ನೀರಿಗೆ ಹಾಕಿದರು. ಚೊಂಯ್ ಎಂದು ಸದ್ದಾಯಿತು, ಬಿಸಿ ಆವಿ ಎದ್ದಿತು, ಗಂಟಲಿನ ಒಳಗೆ ಹೋಗಿ ಕೂರುವ ಆ ವಾಸನೆ ಮೂಗಿಗೆ ಬಡಿಯಿತು. ಈಗ ಗೋಡೆಗೆ ಸುಣ್ಣ ಹಚ್ಚುವವರು ಯಾರಿದ್ದಾರೆ? ಎಲ್ಲರ ಮನೆಗೂ ಡಬ್ಬಿಯ ಬಣ್ಣ ಬಂದಿದೆ. ಎಷ್ಟು ವರ್ಷಗಳ ಮೇಲೆ ಆ ವಾಸನೆ ಕುಡಿದೆನೋ, ಕೈಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ಉಳಿಯಿತು. ಮಾರುವವಳು, "ಏನ್ರಿ ಅಕ್ಕಾರ, ತಗೊಂತೀರೋ ಇಲ್ಲೋ? ಬರೇ ಮೂಸಿ ನೋಡಿ ಇಡೂದಾದ್ರ ಏಳ್ರಿ" ಎಂದು ಗದರಿದಳು. ಅವಳಿಗೆ ಏನು ಹೇಳುವುದು? ನಾನು ಮೂಸುತ್ತಿದ್ದದ್ದು ಮೆಣಸಿನಕಾಯಿಯನ್ನಲ್ಲ, ನಮ್ಮ ಆಯಿಯನ್ನು. ನನ್ನ ತಂದೆಯ ತಾಯಿ ಮಾರ್ತವ್ವ. ಅವಳ ಸೆರಗು, ಬೆರಳ ಸಂದು, ಡಿಸೆಂಬರ್ ಬಂತೆಂದರೆ ಅವಳು ಬಡಿದುಕೊಟ್ಟ ರೊಟ್ಟಿಯ ಅಂಚು ಕೂಡ ಸುಣ್ಣದ ವಾಸನೆ ಹೊಡೆಯುತ್ತಿತ್ತು.

ನಮ್ಮ ಊರು ಮುದ್ದೇಬಿಹಾಳದಿಂದ ಬಾಗೇವಾಡಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು. ಊರ ಹೊರಗೆ, ದಾರಿಗೆ ಹತ್ತಿಯೇ ಒಂದು ಬೇವಿನ ಮರ. ಅದರ ಹಿಂದೆ ಮಣ್ಣಿನ ಮಾಳಿಗೆಯ ನಮ್ಮ ಮನೆ, ಮನೆಯ ಹಿಂದೆ ಗುಡಿಯೂ ಅಲ್ಲದ ಸಾಲಿಯೂ ಅಲ್ಲದ ಹಾಗೆ ಕಾಣುವ ಪ್ರಾರ್ಥನೆಯ ಮನೆ. ಕ್ರೈಸ್ತರ ಮನೆಗಳು ಊರಲ್ಲಿ ಹನ್ನೊಂದೇ. ಪ್ರಾರ್ಥನೆಯ ಮನೆಯ ಕಸ ಗುಡಿಸುವುದು, ಗಂಟೆ ಬಾರಿಸುವುದು, ಕಂದೀಲು ಒರೆಸುವುದು ನಮ್ಮ ಮನೆತನದ ಕೆಲಸ. ಅದಕ್ಕಾಗಿಯೇ ಆ ಜಾಗದಲ್ಲಿ ನಾವು ಇದ್ದದ್ದು. ಅಪ್ಪ ಸಮಾಧಾನಪ್ಪ ಕನ್ನಡ ಸಾಲಿಯ ಮಾಸ್ತರು. ಹೆಸರಿಗೆ ತಕ್ಕ ಹಾಗೆ ಸಿಟ್ಟೇ ಬಾರದ ಮನುಷ್ಯ, ಅದೇ ಅವರ ದೊಡ್ಡ ದೋಷ ಎಂದು ಅವ್ವ ಹೇಳುತ್ತಿದ್ದಳು. ಚಳಿಗಾಲದ ಮುಂಜಾನೆ ಆಯಿ ಒಲೆಗೆ ತೊಗರಿಕಟ್ಟಿಗೆ ಹಚ್ಚಿದರೆ ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ ಹೋಗುವ ಬದಲು ನಮ್ಮ ಹಾಸಿಗೆಗೇ ಬರುತ್ತಿತ್ತು. ಕೆಮ್ಮುತ್ತ ಎದ್ದು ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಬೇವಿನ ಬುಡದ ಕಲ್ಲು. ಅಪ್ಪನ ಎದೆಮಟ್ಟದ ಬೆಳ್ಳನೆಯ ಕಲ್ಲು.

ಅದು ಪಾದ್ರಿ ಮುತ್ಯಾನ, ಎಂದರೆ ಪಾದ್ರಿ ಅಜ್ಜನ, ಕಲ್ಲು. ಬ್ರಿಟಿಷರ ಕಾಲದಲ್ಲಿ ಕುದುರೆಯ ಮೇಲೆ ಬಂದು, ಈ ಬೇವಿನ ನೆರಳಲ್ಲಿ ಡೇರೆ ಹಾಕಿ, ಮೊದಲು ನಾಕು ಮಕ್ಕಳಿಗೆ ಅಕ್ಷರ ಕಲಿಸಿ, ಆಮೇಲೆ ಪ್ರಾರ್ಥನೆಯ ಮನೆ ಕಟ್ಟಿಸಿದ ಸಾಹೇಬ. ತೀರಿಕೊಂಡದ್ದು ಎಲ್ಲೋ, ಮಣ್ಣಾದದ್ದು ಎಲ್ಲೋ. ಸುದ್ದಿ ಬಂದ ಮೇಲೆ ಊರಿನ ಕ್ರೈಸ್ತರೆಲ್ಲ ಸೇರಿ ಒಂದು ದಪ್ಪ ಫರಸಿ ಕಲ್ಲು ತರಿಸಿ, ಅವನ ಹೆಸರನ್ನೂ ಅವನು ಇಲ್ಲಿ ಸಭೆ ಸ್ಥಾಪಿಸಿದ ವರ್ಷವನ್ನೂ ಕನ್ನಡದಲ್ಲಿ ಕೆತ್ತಿಸಿ ನಿಲ್ಲಿಸಿದ್ದರಂತೆ. ಫರಸಿ ಎಂದರೆ ನಮ್ಮ ಕಡೆ ನೆಲಕ್ಕೆ ಹಾಸುತ್ತಾರಲ್ಲ, ಆ ಪದರು ಪದರಿನ ನೀಲಿಗಪ್ಪು ಕಲ್ಲು. ಕೆತ್ತಿಸಿದ್ದರಂತೆ ಎಂದು ಯಾಕೆ ಹೇಳುತ್ತೇನೆಂದರೆ, ನಾನು ಹುಟ್ಟಿದಾಗಿನಿಂದ ಆ ಕಲ್ಲಿನ ಮೇಲೆ ಒಂದಕ್ಷರವನ್ನೂ ಕಂಡವಳಲ್ಲ. ನಾನು ಕಂಡದ್ದು ಸುಣ್ಣವನ್ನು ಮಾತ್ರ.

ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಆಯಿ ಕೊಡದಲ್ಲಿ ಸುಣ್ಣ ಕಲಸುತ್ತಿದ್ದಳು. ಅಂಟಲಿ ಎಂದು ಒಂದು ಹಿಡಿ ಉಪ್ಪು, ಹೊಳೆಯಲಿ ಎಂದು ಬಟ್ಟೆಗೆ ಹಾಕುವ ನೀಲಿಯ ಒಂದು ಚಿಟಿಕೆ. ಪುಂಡಿನಾರಿನ ಕುಂಚ ಅದ್ದಿ ಕಲ್ಲಿಗೆ ಮೇಲಿನಿಂದ ಕೆಳಗೆ ಹಚ್ಚುತ್ತ ಬರುವಳು. ಅದಕ್ಕೆ ನಮ್ಮ ಮನೆಯಲ್ಲಿ ಸುಣ್ಣ ಹಚ್ಚುವುದು ಎನ್ನುತ್ತಿರಲಿಲ್ಲ, ಪಾದ್ರಿ ಮುತ್ಯಾಗ ಅಂಗಿ ತೊಡಿಸುವುದು ಎನ್ನುತ್ತಿದ್ದೆವು. ಅವನಿಗೆ ಅಂಗಿ ತೊಡಿಸುವ ತನಕ ಮನೆಯಲ್ಲಿ ಯಾರೂ ಹೊಸ ಬಟ್ಟೆ ಮುಟ್ಟುವಂತಿರಲಿಲ್ಲ. ನಾನು ಟ್ರಂಕಿನ ಹತ್ತಿರ ಸುಳಿದರೆ ಸಾಕು, ಹೊರಗಿನಿಂದಲೇ ಕೂಗುತ್ತಿದ್ದಳು: "ತಡಿ ಶಾಂತಿ, ಮೊದಲ ಮುತ್ಯಾಗ!" ಕೊನೆಯ ಕುಂಚ ಎಳೆದು, ಸೆರಗಿನಿಂದ ಬೆವರು ಒರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಹೂಂ, ಈಗ ನೀ ಹಾಕ್ಕೊ" ಎನ್ನುವಳು. ಆ ಒಂದು ಮಾತಿಗೆ ನಾನು ಕರ್ಚಿಕಾಯಿಯನ್ನೂ ಬಿಟ್ಟು ಓಡುತ್ತಿದ್ದೆ.

ಈ ಅಂಗಿಯ ಹಿಂದೆ ಒಂದು ಕಥೆಯಿತ್ತು. ಆಯಿ ನಾಕೈದು ವರ್ಷದವಳಿದ್ದಾಗ ಊರಿಗೆ ಪ್ಲೇಗು ಬಂದು ಅವಳ ಮನೆಯವರೆಲ್ಲ ಒಂದೇ ವಾರದಲ್ಲಿ ಹೋದರು. ಉಟ್ಟ ಬಟ್ಟೆಯನ್ನೂ ಸುಡಬೇಕು ಎಂದು ಜನ ಸುಟ್ಟರು. ಬತ್ತಲೆ ನಿಂತ ಕೂಸನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ಪಾದ್ರಿ ತಾನು ತೊಟ್ಟಿದ್ದ ಅಂಗಿಯನ್ನೇ ಬಿಚ್ಚಿ ಅವಳಿಗೆ ಹಾಕಿ, ನಡುವಿಗೆ ಸುತಳಿ ಕಟ್ಟಿ, ಕುದುರೆಯ ಮೇಲೆ ಕೂರಿಸಿಕೊಂಡು ಬಂದನಂತೆ. "ಸಾಹೇಬ ಬರೇ ಮೈಲೆ ಊರಾಗ ಬಂದಾನವ್ವಾ, ಎಲ್ಲಾರೂ ನಿಂತ ನೋಡ್ಯಾರ" ಎಂದು ಆಯಿ ನಗುತ್ತಿದ್ದಳು. ಅವನ ಮುಖ ಹೇಗಿತ್ತು ಎಂದು ನಾನು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ಮುಖಾ ನೆನಪಿಲ್ಲ. ಅಂಗೀ ಗುಂಡಿ ನೆನಪ ಅದಾವು. ಬಿಳೀ ಗುಂಡಿ, ನಾಕ ತೂತಿನವು." ಅವನ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಅದೇನೋ ಬಾಯಿ ತಿರುಗದ ಹೆಸರು, ಎಲ್ಲರೂ ಪಾದ್ರಿ ಎಂದರು, ಅವನು ಹೋಗಿ ಬಹಳ ವರ್ಷಗಳಾದ ಮೇಲೆ ಪಾದ್ರಿ ಮುತ್ಯಾ ಎಂದರು. ಹೆಸರು ಕಲ್ಲಿನ ಮೇಲಿದೆಯಲ್ಲ ಎಂಬ ಧೈರ್ಯ. ಓದು ಬಾರದ ಆಯಿ ಪ್ರತಿ ವರ್ಷ ಆ ಹೆಸರಿಗೆ ಅಂಗಿಯ ಮೇಲೆ ಅಂಗಿ ತೊಡಿಸುತ್ತ ಹೋದಳು, ಅಕ್ಷರದ ತಗ್ಗು ತುಂಬುತ್ತ ಹೋಯಿತು. ಅಪ್ಪ ಚಿಕ್ಕವರಿದ್ದಾಗ ಬೆರಳಾಡಿಸಿದರೆ ಕೈಗೆ ಹತ್ತುತ್ತಿತ್ತಂತೆ. ನನ್ನ ಕಾಲಕ್ಕೆ ಕಲ್ಲು ಇಡ್ಲಿಯ ಹಾಗೆ ನುಣ್ಣಗೆ ಉಬ್ಬಿತ್ತು. ದಾರಿಹೋಕ ರೈತರು ಯಾವುದೋ ಗ್ರಾಮದೇವರು ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಒಮ್ಮೊಮ್ಮೆ ಕಾಯಿ ಒಡೆಯುವವರೂ ಇದ್ದರು. "ನಮ್ಮ ಮುತ್ಯಾ ಕಾಯಿ ಬೇಡಾಂವಲ್ಲೋ ತಮ್ಮಾ" ಎಂದು ಆಯಿ ಬೈಯುತ್ತ ಹೋಗಿ, ಬರುವಾಗ ಅರ್ಧ ಹೋಳು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. ಅವತ್ತು ನಮಗೆ ಕೊಬ್ಬರಿ ಚಟ್ನಿ.

ನಾನು ಐದನೆಯ ಇಯತ್ತೆಯಲ್ಲಿದ್ದೆ, ಎಪ್ಪತ್ತರ ದಶಕದ ನಡುವಿನ ಮಾತು. ದಾರಿ ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂತು. ಮೊದಲು ನಮಗೆಲ್ಲ ಸಂತೋಷವೇ ಆಯಿತು, ಬಸ್ಸು ಇನ್ನು ಖಂಡಿತ ನಿಲ್ಲುತ್ತದೆ ಎಂದು. ದೀಪಾವಳಿ ಕಳೆದ ಮೇಲೆ ಅಳತೆಯ ಸಾಹೇಬರು ಸರಪಳಿ ಹಿಡಿದ ಆಳುಗಳ ಜೊತೆ ಬಂದು ಬೇವಿನ ಮರಕ್ಕೆ ಒಂದು ಕೆಂಪು ಗುರುತು, ನಮ್ಮ ಮನೆಯ ಗೋಡೆಗೆ ಒಂದು ಕೆಂಪು ಗುರುತು ಹಾಕಿದರು. ಸಾಹೇಬರು ಕೆಟ್ಟವರಲ್ಲ. ಅಪ್ಪ ಕೊಟ್ಟ ಚಹಾ ಕುಡಿದು, ಕಲ್ಲಿನ ಸುತ್ತ ಎರಡು ಸಲ ತಿರುಗಿ ಹೇಳಿದರು: "ಮಾಸ್ತರ್ರ, ಹಳೇ ಸ್ಮಾರಕ ಅಂತ ಬರದ್ರ ದಾರಿ ಆ ಕಡೆ ಹೊಲದಾಗ ಸರಸಾಕ ಬರತೈತಿ. ಕಲ್ಲೂ ಉಳೀತು, ನಿಮ್ಮ ಮನೀನೂ ಉಳೀತು. ಆದ್ರ ಇದರ ಮ್ಯಾಲ ಏನೈತಿ? ಬರೇ ಸುಣ್ಣಾ. ಸೋಮವಾರ ಮತ್ತ ಬರತೇನಿ, ಅಕ್ಷರ ತೋರಸ್ರಿ. ಹೆಸರು, ವರ್ಷ ಕಂಡ್ರ ಸಾಕು." ಅವತ್ತು ಮಂಗಳವಾರ. ಅಪ್ಪ ಜಿಲ್ಲೆಯ ಊರಿನ ದೊಡ್ಡ ಸಭೆಗೆ, ಎಂದರೆ ನಮ್ಮ ಚರ್ಚಿನ ಕಚೇರಿಗೆ, ಅದೇ ದಿನ ಕಾಗದ ಬರೆದರು, ನಮ್ಮ ಸ್ಥಾಪಕರ ಹೆಸರೂ ವರ್ಷವೂ ನಿಮ್ಮ ದಫ್ತರದಲ್ಲಿದ್ದರೆ ತಿಳಿಸಿರಿ ಎಂದು. ಕಾಗದಕ್ಕೆ ಕಾಲಿಲ್ಲ, ಸೋಮವಾರದೊಳಗೆ ಉತ್ತರ ಬರುವಂತಿರಲಿಲ್ಲ. ಆದ್ದರಿಂದ ಕಲ್ಲನ್ನೇ ನಂಬಬೇಕಾಯಿತು.

ಗೌಂಡಿ ಹನಮಪ್ಪ ಕಾಕಾ ಬಂದು ನೋಡಿದ. ಕಲ್ಲಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಬೆರಳಿನ ಗಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, "ಇದು ಫರಸಿ ಐತ್ರಿ ಮಾಸ್ತರ, ಕರೀಕಲ್ಲಲ್ಲ. ಅವಸರ ಮಾಡಿದ್ರ ಪದರಾ ಬಿಡತೈತಿ" ಎಂದ. ಗೋಣಿತಟ್ಟು ಸುತ್ತಿ ಹೊತ್ತಿಗೊಂದರಂತೆ ದಿನಕ್ಕೆ ಎರಡೇ ಕೊಡ ನೀರು ಹಾಕಬೇಕು, ಸುಣ್ಣ ಮೆತ್ತಗಾಗುತ್ತದೆ, ಗುರುವಾರಕ್ಕೆ ನೀರು ನಿಲ್ಲಿಸಿ ಎರಡು ದಿನ ನೆರಳಲ್ಲಿ ಆರಬೇಕು, ಆಮೇಲೆ ತಾನೇ ಬಂದು ಬಿಡಿಸುತ್ತೇನೆ ಎಂದು ಹೇಳಿ, ತಾಳಿಕೋಟೆಯಲ್ಲಿ ಹಿಡಿದ ಕೆಲಸ ಮುಗಿಸಲು ಹೋದ. ಭಾನುವಾರ ಬರುತ್ತೇನೆಂದು ಮಾತು ಕೊಟ್ಟಿದ್ದ. ನೀರು ಹಾಕುವ ಕೆಲಸ ನನಗೆ ಬಂತು. ಇಲ್ಲಿ ಒಂದು ಮಾತು ಹೇಳಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ದಿನಕ್ಕೆ ಎರಡೇ ಕೊಡಕ್ಕೆ ನಿಲ್ಲಿಸಲಿಲ್ಲ. ಸಾಲಿಯಿಂದ ಬಂದ ಕೂಡಲೇ ಒಂದು, ಆಡಲು ಹೋಗುವ ಮುಂಚೆ ಒಂದು, ಆಡಿ ಬಂದು ಇನ್ನೊಂದು. ಬೇಗ ನೆನೆಯಲಿ, ಬೇಗ ಅಕ್ಷರ ಕಾಣಲಿ, ಪಾದ್ರಿ ಮುತ್ಯಾನ ಹೆಸರನ್ನು ಎಲ್ಲರಿಗಿಂತ ಮೊದಲು ಓದಿ ಆಯಿಗೆ ನಾನೇ ಹೇಳಬೇಕು ಎಂಬ ಆಸೆ. ಶನಿವಾರದ ಹೊತ್ತಿಗೆ ರಾಶಿ ನೀರು ಕುಡಿದ ಕಲ್ಲು ಬುಡದ ತನಕ ಕಪ್ಪಗೆ ತೊಯ್ದಿತ್ತು. ಆರಬೇಕಿದ್ದ ಎರಡು ದಿನವೂ ನಾನು ನೀರು ಹಾಕಿಬಿಟ್ಟಿದ್ದೆ.

ಭಾನುವಾರ ಪ್ರಾರ್ಥನೆ ಮುಗಿಯಿತು. ಹನಮಪ್ಪ ಕಾಕಾ ಬರಲಿಲ್ಲ. ಎರಡು ಬಸ್ಸು ಬಂದವು, ಅವನು ಇಳಿಯಲಿಲ್ಲ. ಮೂರನೆಯ ಬಸ್ಸು ನಿಲ್ಲಲೇ ಇಲ್ಲ. ಅದರಲ್ಲೇ ಇದ್ದ, ಮುಂದಿನ ಊರಿನಲ್ಲಿ ಇಳಿದು ನಡೆದು ಬಂದ ಎಂಬುದು ಆಮೇಲೆ ತಿಳಿದದ್ದು. ಬಿಸಿಲು ಇಳಿಯತೊಡಗಿತು. ನಾಳೆ ಮುಂಜಾನೆ ಸಾಹೇಬರು ಬರುತ್ತಾರೆ. ಅಪ್ಪ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋಗಿ ಕೈಯಲ್ಲಿ ಚಾಣ, ಸುತ್ತಿಗೆ ಹಿಡಿದು ಬಂದರು. ಆಯಿ ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. "ಬ್ಯಾಡೋ ಯಪ್ಪಾ, ಹನಮ್ಯಾ ಬರಲಿ."

"ಅಂವಾ ಬರೂದರಾಗ ಹೊತ್ತ ಮುಳಗತೈತಿ ಯವ್ವಾ. ನಾಳೆ ಮನೀನ ಹೋಗತೈತಿ."

ಆಯಿ ಸರಿದು ನಿಂತಳು. ಅಪ್ಪ ಸುಣ್ಣದ ಅಂಚಿಗೆ ಚಾಣವಿಟ್ಟು, ಸೀಮೆಸುಣ್ಣ ಹಿಡಿದು ರೂಢಿಯಾದ ಕೈಯಿಂದ ಮೆಲ್ಲಗೆ ಕುಟ್ಟಿದರು. ಮೊದಲು ಸಣ್ಣ ಸಣ್ಣ ಚೂರು ಉದುರಿದವು. ಮೂಲೆಯಲ್ಲಿ ಕೆತ್ತಿದ ಒಂದು ಬಳ್ಳಿಯ ತುದಿ ಕಂಡಿತು. ನಾನು ಕುಣಿದೆ. ಅಪ್ಪನ ಮುಖದಲ್ಲೂ ನಗು ಬಂತು, ಮತ್ತೊಂದು ಪೆಟ್ಟು ಕೊಟ್ಟರು. ಆಗ ಒಳಗೆಲ್ಲೋ ಟಪ್ ಎಂದು ಸದ್ದಾಯಿತು. ಹಂಚಿನ ಮೇಲಿಂದ ಬೆಂದ ರೊಟ್ಟಿ ಏಳುವ ಹಾಗೆ ಕಲ್ಲಿನ ಮುಖವೆಲ್ಲ ಒಂದೇ ಹಾಳೆಯಾಗಿ ಮೇಲೆದ್ದಿತು. ಅಪ್ಪ ಚಾಣ ಬಿಸಾಡಿ ಎರಡೂ ಕೈಯಿಂದ ಅದನ್ನು ಎದೆಗೆ ಒತ್ತಿ ಹಿಡಿದರು. ಎಷ್ಟು ಹೊತ್ತು ಹಿಡಿದಾರು? ಅವ್ವ ಓಡಿ ಬಂದು ಒಂದು ಬದಿ ಹಿಡಿಯುವಷ್ಟರಲ್ಲಿ ಅದು ಅವರ ತೋಳಿನಲ್ಲೇ ಮುರಿದು ಕಾಲ ಬುಡಕ್ಕೆ ಬಿದ್ದಿತು. ನಿಂತ ಕಲ್ಲಿನ ಮೇಲೆ ಏನೂ ಇರಲಿಲ್ಲ. ನೀಲಿಗಪ್ಪು, ಒದ್ದೆ, ನುಣುಪು, ಈಗ ತಾನೇ ಗಣಿಯಿಂದ ಎದ್ದು ಬಂದ ಹಾಗೆ. ಆಯಿ ಹೋಗಿ ಅದನ್ನು ಅಂಗೈಯಿಂದ ಸವರಿದಳು. "ಅಂಗೀ ಕಳಿಯಾಕ ಹೋಗಿ ಚರ್ಮಾನ ಸುಲದೇವಲ್ಲೋ ಯಪ್ಪಾ" ಎಂದಳು. ಅಪ್ಪ ಅಲ್ಲೇ ಕುಸಿದು ಕೂತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಅಕ್ಷರಗಳು ಎಲ್ಲೂ ಹೋಗಿರಲಿಲ್ಲ, ಅದೇ ಇನ್ನೂ ಸಂಕಟದ ಮಾತು. ಕಲ್ಲಿನ ತೆಳುವಾದ ಪದರು ಸುಣ್ಣಕ್ಕೆ ಅಂಟಿಕೊಂಡೇ ಬಂದಿತ್ತು. ಚೂರುಗಳನ್ನು ಮಗುಚಿದರೆ ಕಪ್ಪು ಕಲ್ಲಿನಲ್ಲಿ ಅಲ್ಲಲ್ಲಿ ಬಿಳಿಯ ಗೆರೆಗಳು. ಅಕ್ಷರದ ತಗ್ಗಿನಲ್ಲಿ ಆಯಿ ತುಂಬಿದ ಸುಣ್ಣ ಆಚೆಯಿಂದ ಹಣಿಕಿ ಹಾಕುತ್ತಿತ್ತು, ಎಲ್ಲವೂ ಹಿಂದುಮುಂದಾಗಿ. ಅವ್ವ ಮೊರದಲ್ಲಿ ಬಟ್ಟೆ ಹಾಸಿ ಚೂರುಗಳನ್ನು ಆಯ್ದಳು. ನಾನು ಕನ್ನಡಿ ತಂದೆ. ಕನ್ನಡಿಯಲ್ಲಿ ಒಂದು ಚೂರಿನಲ್ಲಿ "ಸಭೆ" ಎಂದು ಕಂಡಿತು, ಇನ್ನೊಂದರಲ್ಲಿ "ಪ್ರೀತಿ" ಎಂದೋ "ಪ್ರೀತಿಯ" ಎಂದೋ. ಒಂದರಲ್ಲಿ ಎಂಟರ ಅಂಕಿ ಇತ್ತು, ಅದರ ಹಿಂದುಮುಂದಿನದು ಪುಡಿಯಾಗಿತ್ತು. ಹೆಸರಿನ ಚೂರು ಯಾವುದು? ಎಷ್ಟು ಜೋಡಿಸಿದರೂ ಹೆಸರಿನ ಜಾಗದಲ್ಲಿ ಪುಡಿ. ಕತ್ತಲಾಗುವಾಗ ಹನಮಪ್ಪ ಕಾಕಾ ಬಂದ, ನೋಡಿದ, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಒದ್ದೆ ಕಲ್ಲನ್ನು ಮುಟ್ಟಿ, "ಭಾಳ ನೀರ ಕುಡದೈತಿ" ಎಂದು ಮಾತ್ರ ಹೇಳಿದ. ನಾನು ಅವ್ವನ ಹಿಂದೆ ನಿಂತಿದ್ದೆ. ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹೆದರಿಕೆ.

ಮರುದಿನ ಅಪ್ಪ ಮೊರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಹೇಬರ ಜೀಪಿನ ತನಕ ಹೋದರು. ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ತುಂಬಿದ ಕೊಡ ಹೊತ್ತವರ ಹಾಗೆ. ನಾನು ಕನ್ನಡಿ ಹಿಡಿದು ಹಿಂದೆ ಹೋದೆ. ಸಾಹೇಬರು ಕೂಡ ಪಾಪ ಕನ್ನಡಿಯಲ್ಲಿ ನೋಡಿದರು, "ಸಭೆ" ಎಂದು ತಾವೇ ಓದಿದರು. ಆಮೇಲೆ, "ನಾ ಏನ ಬರೀಲಿ ಹೇಳ್ರಿ ಮಾಸ್ತರ್ರ? ಸ್ಮಾರಕ ಮೊರದಾಗ ಐತಿ ಅಂತ ಬರೀಲೇನು?" ಎಂದರು. ಅದು ಕುಹಕವಲ್ಲ, ಅವರಿಗೆ ನಿಜವಾಗಿ ತಿಳಿದಿರಲಿಲ್ಲ. ಅಪ್ಪನಿಗೂ ತಿಳಿದಿರಲಿಲ್ಲ. ಅಪ್ಪ ಹೌದ್ರಿ ಎಂದರು, ಆಮೇಲೆ ಇಲ್ರಿ ಎಂದರು, ಆಮೇಲೆ ಮೊರ ಹಿಡಿದುಕೊಂಡು ಹಿಂದಕ್ಕೆ ಬಂದರು. ಜಗಳಾಡಲು ನಮ್ಮ ಎದುರಿಗೆ ಒಬ್ಬ ವೈರಿಯಾದರೂ ಇದ್ದಿದ್ದರೆ ಚೆನ್ನಾಗಿತ್ತು. ಯಾರೂ ಇರಲಿಲ್ಲ.

ಹದಿನೈದು ದಿನಗಳಲ್ಲಿ ಬೇವು ಉರುಳಿತು, ಮನೆ ಇಳಿಯಿತು. ಮಾಳಿಗೆಯ ತೊಲೆಗಳನ್ನು ಯಾರೋ ಗಾಡಿಯಲ್ಲಿ ಒಯ್ದರು. ಪ್ರಾರ್ಥನೆಯ ಮನೆ ಮಾತ್ರ ಉಳಿಯಿತು, ಅಂಗಳವಿಲ್ಲದೆ, ದಾರಿಗೆ ಮುಖ ಕೊಟ್ಟು. ಬೋಳಾದ ಕಲ್ಲನ್ನು ಅದರ ಗೋಡೆಗೆ ಅಡ್ಡ ಹಾಕಿದ್ದರು, ಬಸ್ಸಿಗೆ ಕಾಯುವವರು ಅದರ ಮೇಲೆ ಕೂರತೊಡಗಿದರು. ಬಸ್ಸು ಈಗ ದಿನವೂ ನಿಲ್ಲುತ್ತಿತ್ತು. ನಾವು ಮುದ್ದೇಬಿಹಾಳಕ್ಕೆ ಬಂದು ಒಂದು ಬಾಡಿಗೆ ಕೋಣೆ ಹಿಡಿದೆವು, ಅಪ್ಪ ಅಲ್ಲಿಂದಲೇ ಸೈಕಲ್ಲಿನ ಮೇಲೆ ಸಾಲಿಗೆ ಹೋಗುತ್ತಿದ್ದರು. ಆಮೇಲೆ ದೊಡ್ಡ ಸಭೆಯಿಂದ ಉತ್ತರ ಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಕಾಲದ ದಫ್ತರಗಳು ಇಲ್ಲಿಲ್ಲ, ಸಮುದ್ರದಾಚೆ ಹೋಗಿವೆ, ಸ್ಥಾಪಕರ ಹೆಸರು ಊರಿನ ಕಲ್ಲಿನ ಮೇಲೆ ಇದ್ದೀತು, ದಯವಿಟ್ಟು ಬರೆದುಕೊಂಡು ಕಳಿಸಿರಿ, ನಮಗೂ ಬೇಕಾಗಿದೆ ಎಂದು. ಅಪ್ಪ ಅದನ್ನು ಓದಿ, ಮಡಚಿ, ಬೈಬಲ್ಲಿನಲ್ಲಿ ಇಟ್ಟರು. ಆಯಿ ಏನಂತ ಎಂದು ಕೇಳಿದಳು. ಕುಶಲ ಕೇಳಿದ್ದಾರೆ ಎಂದರು.

ಆಯಿ ಯಾರನ್ನೂ ಬೈಯಲಿಲ್ಲ. ಅಪ್ಪನನ್ನು ಬೈದಿದ್ದರೆ ಅವರು ಹಗುರಾಗುತ್ತಿದ್ದರು. ಅವಳು ತನ್ನ ಕೈಗಳನ್ನೇ ನೋಡುತ್ತ ಕೂರುತ್ತಿದ್ದಳು. ಒಮ್ಮೆ ಮಾತ್ರ, ನನ್ನ ತಲೆ ಬಾಚುವಾಗ, "ನಾ ಮುಚ್ಚಿದೆ, ಅಂವಾ ತಗದಾ. ಇಬ್ಬರೂ ಪಿರೂತಿಲೇನ ಮಾಡೇವಿ" ಎಂದಳು. ಇಬ್ಬರಲ್ಲ ಆಯಿ, ಮೂವರು ಎಂದು ಹೇಳಬೇಕೆಂದು ಬಾಯಿತನಕ ಬಂತು. ಬಾಚಣಿಗೆ ಸಿಕ್ಕಿನಲ್ಲಿ ಎಳೆಯಿತು, ನೋವಾಯಿತು, ಅಳಲು ಅದೇ ನೆಪವಾಯಿತು.

ಕ್ರಿಸ್ಮಸ್ ಬಂತು. ಅವ್ವ ಹೇಗೋ ಮಾಡಿ ನನಗೆ ಹಳದಿ ಹೂವಿನ ಫ್ರಾಕು ಹೊಲಿಸಿದ್ದಳು. ಹಿಂದಿನ ದಿನ ಮಧ್ಯಾಹ್ನ ಹಿತ್ತಿಲಿನಿಂದ ಸುಣ್ಣದ ವಾಸನೆ ಬಂತು. ಹೋಗಿ ನೋಡಿದರೆ ಆಯಿ ಕೊಡದ ಮುಂದೆ ಕೂತು ಕಲಸುತ್ತಿದ್ದಾಳೆ. ಉಪ್ಪು ಹಾಕಿದ್ದಾಳೆ, ನೀಲಿ ಹಾಕಿದ್ದಾಳೆ, ಕುಂಚ ನೆನೆಸಿದ್ದಾಳೆ. ಕೈಗೆ ರೂಢಿ, ಕೈ ತನ್ನ ಪಾಡಿಗೆ ಮಾಡಿಬಿಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ನನಗೆ ಹತ್ತು ವರ್ಷ, ಫ್ರಾಕಿನ ಮೇಲೇ ಜೀವ. ಟ್ರಂಕು ತೆರೆದೆ. ತಗಡಿನ ಸದ್ದು ಕೇಳಿದ ಕೂಡಲೇ ಹಿತ್ತಿಲಿನಿಂದ ಆಯಿಯ ಕೂಗು ಬಂತು, ಎಂದಿನಂತೆ, ಅದೇ ಗಟ್ಟಿ ದನಿಯಲ್ಲಿ:

"ತಡಿ ಶಾಂತಿ, ಮೊದಲ ಮುತ್ಯಾಗ!"

ಕೂಗಿದ ಮೇಲೆ ಅವಳಿಗೆ ನೆನಪಾಗಿರಬೇಕು. ಹಿತ್ತಿಲು ಸುಮ್ಮನಾಯಿತು. ನಾನು ಫ್ರಾಕು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಈಗ ನೀ ಹಾಕ್ಕೊ ಎಂದು ಅವಳು ಹೇಳಬೇಕಿತ್ತು, ಅವಳಲ್ಲದೆ ಬೇರೆ ಯಾರೂ ಆ ಮಾತು ಹೇಳುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೋಗಿ ಹಣಿಕಿ ನೋಡಿದೆ. ಆಯಿ ಕುಂಚ ಹಿಡಿದು ಕೂತಿದ್ದಳು. ಕುಂಚದ ಸುಣ್ಣ ಮೊಣಕೈತನಕ ಹರಿದು ಅಲ್ಲೇ ಒಣಗಿತ್ತು. ಕೊಡದಲ್ಲಿ ಸುಣ್ಣ ತಳಕ್ಕೆ ಇಳಿದು, ಮೇಲಿನ ನೀರು ತಿಳಿಯಾಗಿ, ಅದರಲ್ಲಿ ಅವಳ ಮುಖ ಕಾಣುತ್ತಿತ್ತು. ನಾನು ಹಿಂದಕ್ಕೆ ಬಂದು ಫ್ರಾಕನ್ನು ಮಡಚಿ ಟ್ರಂಕಿನಲ್ಲಿ ಇಟ್ಟೆ. ಮರುದಿನ ನಮ್ಮ ಮನೆಯವರೆಲ್ಲ ಹಳೆಯ ಬಟ್ಟೆಯಲ್ಲೇ ಪ್ರಾರ್ಥನೆಗೆ ಹೋದೆವು.